ಚೌಕಟ್ಟಿನೊಳಗಿನ ಸದಸ್ಯತ್ವ ಪತ್ರ ಮತ್ತು ಮಾಣಿಯ ಹತ್ತು ಬೆರಳು

ಪ್ರಶ್ನೆ: ಶಿರಸಿ ತಾಲ್ಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿ

ಮೇಡಂ, ನಮ್ಮ ಮಾಣಿ ಈ ವರ್ಷ ಎಸ್‌ಎಸ್‌ಎಲ್‌ಸಿ. ಕಳೆದ ವಾರ ಅವನ ಶಾಲೆಗೆ ದೂರದ ಊರಿನಿಂದ ಒಬ್ಬರು ವೃತ್ತಿ ಮಾರ್ಗದರ್ಶಕರು ಬಂದಿದ್ದರು. ಅಂತಾರಾಷ್ಟ್ರೀಯ ಸಂಘದ ಸದಸ್ಯ ಎಂದು ಚೌಕಟ್ಟು ಹಾಕಿಸಿದ ಪತ್ರವನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡೇ ಮಾತನಾಡಿದರು. ಮಕ್ಕಳ ಹತ್ತೂ ಬೆರಳಿನ ಅಚ್ಚು ತೆಗೆದು, ಯಾವ ಮಗು ಏನು ಓದಬೇಕು ಎಂಬ ವರದಿ ಕೊಡುತ್ತಾರಂತೆ. ಒಟ್ಟು 5500 ರೂಪಾಯಿ, ಅದರಲ್ಲಿ 1000 ಮುಂಗಡ ಕಟ್ಟಿದ್ದೇವೆ. ವರದಿ ಇನ್ನೂ ಬಂದಿಲ್ಲ. ಆದರೂ ನಮ್ಮವನ ಬೆರಳು ನೋಡಿ ಕಂಪ್ಯೂಟರ್ ಎಂಜಿನಿಯರಿಂಗ್ ಎಂದು ಅಲ್ಲೇ ಹೇಳಿದರು. ಪಿಯುಸಿಗೆ ಯಾವ ಕೋಚಿಂಗ್ ಸೇರಬೇಕು ಎಂಬ ಚೀಟಿಯನ್ನೂ ಕೊಟ್ಟರು. ಇವನೋ, ಶಾಲೆಯಿಂದ ಬಂದವನೇ ತೋಟಕ್ಕೆ ಓಡಿ ಹಿಪ್ಪಲಿಯ ಮೇಲೆ ಕಾಳುಮೆಣಸಿನ ಕಸಿ ಕಟ್ಟುತ್ತಾನೆ. ಅಂತಾರಾಷ್ಟ್ರೀಯ ಸಂಘದವರು ಹೇಳಿದ ಮೇಲೆ ಸುಳ್ಳಿರಲಿಕ್ಕಿಲ್ಲ ಎನ್ನುತ್ತಾರೆ ಯಜಮಾನರು. ನಂಬಬಹುದೇ?

ಉತ್ತರ: ಕಾರವಾರದ ವೃತ್ತಿ ಮಾರ್ಗದರ್ಶಕಿ

ಅಕ್ಕಾ, ಉಳಿದ 4500 ರೂಪಾಯಿ ನಿಮ್ಮ ಸೆರಗಿನ ಗಂಟಿನಲ್ಲೇ ಇರಲಿ.

ಮೊದಲು ಬೆರಳಿನ ವಿಷಯ. ಬೆರಳ ತುದಿಯ ಗೆರೆಗಳು ಮಗು ಹೊಟ್ಟೆಯಲ್ಲಿರುವಾಗಲೇ ಮೂಡಿ ಸ್ಥಿರವಾಗಿಬಿಡುತ್ತವೆ. ಆಮೇಲೆ ಮಗು ಓದಿದ್ದು, ಆಡಿದ್ದು, ಕಸಿ ಕಟ್ಟಿದ್ದು ಯಾವುದೂ ಆ ಗೆರೆಗಳಲ್ಲಿ ಜಮೆಯಾಗುವುದಿಲ್ಲ. ಬೆರಳಚ್ಚಿನಿಂದ ಬುದ್ಧಿಯನ್ನು ಅಳೆಯುವ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಅಷ್ಟು ದೂರ ಹೋಗುವುದೂ ಬೇಡ. ಸುಗ್ಗಿಯಲ್ಲಿ ನಿಮ್ಮ ಮನೆಗೆ ಅಡಿಕೆ ಸುಲಿಯಲು ಬರುವ ಹೆಂಗಸರ ಕೈ ನೋಡಿ. ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದೂ ಸುಲಿದೂ ತೊಗರು ಹತ್ತಿ ಬೆರಳು ಕಪ್ಪಾಗಿರುತ್ತದೆ, ಗೆರೆ ಸವೆದಿರುತ್ತದೆ. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ನಾಲ್ಕು ಸಲ ಒತ್ತಿಸಿಕೊಂಡರೂ ಗುರುತು ಹಿಡಿಯುವುದಿಲ್ಲ. ಐದು ಕಿಲೋ ಅಕ್ಕಿಗೇ ಸಾಲದ ಸಾಕ್ಷಿಯನ್ನು ಇಟ್ಟುಕೊಂಡು ಮಗನ ಹಣೆಬರಹ ಓದುತ್ತೇನೆ ಎನ್ನುವವರಿಗೆ ನಾನು ಏನು ಹೇಳಲಿ?

ಇನ್ನು ಆ ಪತ್ರ. ಅದರ ಮೇಲಿರುವ ಸಂಘದ ಪೂರ್ತಿ ಹೆಸರು ಬರೆದುಕೊಂಡಿರಾ? ಈ ಕ್ಷೇತ್ರದಲ್ಲಿ ನಿಜಕ್ಕೂ ಹಳೆಯ ಅಂತಾರಾಷ್ಟ್ರೀಯ ಸಂಘವೊಂದಿದೆ. 1951ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು, ಶಿಕ್ಷಣ ಮತ್ತು ವೃತ್ತಿ ಮಾರ್ಗದರ್ಶನದ ಅಂತಾರಾಷ್ಟ್ರೀಯ ಸಂಘ. ಐಎಇವಿಜಿ ಎಂದು ಕರೆಯುತ್ತಾರೆ. ಅದನ್ನು ಬಿಟ್ಟರೆ, ‘ಇಂಟರ್‌ನ್ಯಾಷನಲ್’ ಎಂಬ ಪದವನ್ನು ಯಾರು ಬೇಕಾದರೂ ಫಲಕಕ್ಕೆ ಅಂಟಿಸಿಕೊಳ್ಳಬಹುದು. ನಮ್ಮ ಪೇಟೆಯ ಕ್ಷೌರದಂಗಡಿಯೂ ಅಂಟಿಸಿಕೊಂಡಿದೆ.

ಪತ್ರ ಅಸಲಿ ಸಂಘದ್ದೇ ಎಂದುಕೊಳ್ಳೋಣ. ಆಗಲೂ ಅದು ಸದಸ್ಯತ್ವವೇ ಹೊರತು ಪರವಾನಗಿಯಲ್ಲ. ಅರ್ಜಿ ತುಂಬಿ ವಾರ್ಷಿಕ ಶುಲ್ಕ ಕಟ್ಟಿದವರು ಸದಸ್ಯರಾಗುತ್ತಾರೆ. ಅಡಿಕೆ ಸೊಸೈಟಿಯಲ್ಲಿ ಷೇರು ಇರುವವರೆಲ್ಲರ ತೋಟ ಚೆನ್ನಾಗಿರುತ್ತದೆಯೇ? ನಮ್ಮಲ್ಲಿ ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ವೈದ್ಯರಿಗೆ ನೋಂದಣಿ ಇದೆ. ವೃತ್ತಿ ಮಾರ್ಗದರ್ಶಕ ಎಂದು ಫಲಕ ಹಾಕುವವರನ್ನು ಮಾತ್ರ ಯಾರೂ ತಡೆದು ಕೇಳುವುದಿಲ್ಲ. ಆ ಖಾಲಿ ಜಾಗದಲ್ಲೇ ಇಂಥ ಚೌಕಟ್ಟುಗಳು ಬಂದು ಕೂರುವುದು.

ಪ್ರತಿಕ್ರಿಯೆ: ಕುಮಟಾದ ಪಿಯು ಉಪನ್ಯಾಸಕರು

ಹಾಗಾದರೆ ಇಂಥ ಸಂಘಗಳಿಂದ ಆಗುವುದೇನು ಮೇಡಂ? ಪ್ಯಾರಿಸ್‌ನಲ್ಲಿ ಹುಟ್ಟಿದ ಸಂಘಕ್ಕೆ ನಮ್ಮ ಅಘನಾಶಿನಿ ದಂಡೆಯ ಮಕ್ಕಳ ಸುಖದುಃಖ ಏನು ಗೊತ್ತು? ನೀವೂ ಸದಸ್ಯರು ಎಂದು ಒಮ್ಮೆ ಹೇಳಿದ ನೆನಪು.

ಉತ್ತರ

ಸರ್, ಹೌದು, ನಾನೂ ಸದಸ್ಯೆ. ನನ್ನ ಪತ್ರ ಕಪಾಟಿನೊಳಗಿದೆ.

ನನಗೆ ಅದರಿಂದ ಆದದ್ದನ್ನೇ ಹೇಳುತ್ತೇನೆ, ಮರ್ಯಾದೆ ಸ್ವಲ್ಪ ಹೋದರೂ ಚಿಂತೆಯಿಲ್ಲ. ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಅಂಕೋಲೆಯ ಕಡೆಯ ಒಂದು ಶಾಲೆಯಲ್ಲಿ ಅಭಿಕ್ಷಮತಾ (ಆಪ್ಟಿಟ್ಯೂಡ್) ಪರೀಕ್ಷೆ ನಡೆಸಿದ್ದೆ. ಪ್ರಶ್ನೆ ಒಂದು ಹಾಳೆಯಲ್ಲಿ, ಉತ್ತರಕ್ಕೆ ಬೇರೆಯೇ ಹಾಳೆ, ಅದರಲ್ಲಿ ಸಣ್ಣ ಸಣ್ಣ ವೃತ್ತಗಳು. ಒಬ್ಬ ಹುಡುಗಿ ರಂಗೋಲಿಗೆ ಬಣ್ಣ ತುಂಬುವಂತೆ ಒಂದೊಂದು ವೃತ್ತವನ್ನೂ ಅಂಚು ದಾಟದ ಹಾಗೆ ಪೆನ್ಸಿಲಿನಿಂದ ತುಂಬುತ್ತ ಕೂತಿದ್ದಳು. ಗಂಟೆ ಹೊಡೆದಾಗ ಅರ್ಧವೂ ಆಗಿರಲಿಲ್ಲ. ‘ಸಂಖ್ಯಾ ಸಾಮರ್ಥ್ಯ ಕಡಿಮೆ’ ಎಂದು ಬರೆದು ಸಹಿ ಹಾಕಿದೆ. ಸಂತೆಯಲ್ಲಿ ತಾಯಿಯ ಮೀನುಬುಟ್ಟಿಯ ಪಕ್ಕ ಕೂತು ಚಿಲ್ಲರೆ ಲೆಕ್ಕವನ್ನು ಬಾಯಲ್ಲೇ ಮುಗಿಸುವ ಹುಡುಗಿ ಅವಳು. ಅದು ನನಗೆ ತಿಳಿದದ್ದು ಅವಳು ವಿಜ್ಞಾನ ಬಿಟ್ಟು ಬೇರೆ ವಿಭಾಗ ಸೇರಿದ ಮೇಲೆ.

ಮರುವರ್ಷ ಆ ಸಂಘದ ನೀತಿಸಂಹಿತೆ ಓದಿದೆ. 1995ರಲ್ಲಿ ಅಂಗೀಕಾರವಾಗಿ, ಮುಂದೆ 2017ರಲ್ಲಿ ಪರಿಷ್ಕರಣೆಗೊಂಡ ಸಂಹಿತೆ ಅದು. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಬಳಸಲು, ಅರ್ಥೈಸಲು ನಿನಗೆ ಬಾರದ ಪರೀಕ್ಷೆಯನ್ನು ಮುಟ್ಟಬೇಡ. ಆಯ್ಕೆ ಎದುರಿಗಿರುವವರದು, ನಿನ್ನದನ್ನು ಹೇರಬೇಡ. ಅವರು ಹೇಳಿಕೊಂಡದ್ದನ್ನು ಗುಟ್ಟಾಗಿಡು. 2003ರಲ್ಲಿ ಇದೇ ಸಂಘ ಮಾರ್ಗದರ್ಶಕರಿಗೆ ಬೇಕಾದ ಸಾಮರ್ಥ್ಯಗಳ ಪಟ್ಟಿಯನ್ನೂ ಮಾಡಿತು. ಬಂದವರ ಸಾಂಸ್ಕೃತಿಕ ಹಿನ್ನೆಲೆಯ ಭಿನ್ನತೆಯನ್ನು ಅರಿತು ಗೌರವಿಸುವುದು ಅದರಲ್ಲಿ ಎಲ್ಲರಿಗೂ ಕಡ್ಡಾಯವಾದ ಮೂಲ ಸಾಮರ್ಥ್ಯ. ವೃತ್ತ ತುಂಬುತ್ತಿದ್ದ ಹುಡುಗಿ ಆಗ ಕಣ್ಣ ಮುಂದೆ ಬಂದಳು. ನನ್ನ ತಪ್ಪಿಗೆ ಒಂದು ಹೆಸರಿದೆ, ಬೇರೆ ದೇಶಗಳವರೂ ಇದೇ ತಪ್ಪು ಮಾಡಿ ಅದನ್ನು ಬರೆದಿಟ್ಟಿದ್ದಾರೆ ಎಂಬುದು ಗೊತ್ತಾಯಿತು. ಒಂಟಿಯಾಗಿ ಕೆಲಸ ಮಾಡುವವರಿಗೆ ಇದು ಸಣ್ಣ ಲಾಭವಲ್ಲ ಸರ್. ಇಡೀ ಜಿಲ್ಲೆಯಲ್ಲಿ ಈ ಕಸುಬಿನ ಮಾತು ಆಡಲು ನನಗೆ ಸಿಗುವವರು ಎಷ್ಟು ಮಂದಿ?

ಅಘನಾಶಿನಿಯ ಪ್ರಶ್ನೆ ನ್ಯಾಯವಾದದ್ದೇ. ಈ ಕಸುಬೇ ಹೊರಗಿನದು. 1908ರಲ್ಲಿ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು ಕೆಲಸ ಹುಡುಕುವ ಯುವಕರಿಗಾಗಿ ಒಂದು ಕಚೇರಿ ತೆರೆದರು. ನಿನ್ನನ್ನು ತಿಳಿ, ಕೆಲಸಗಳನ್ನು ತಿಳಿ, ಎರಡನ್ನೂ ತಾಳೆ ನೋಡು ಎಂಬುದು ಅವರ ಸೂತ್ರ. ಐದು ವರ್ಷಕ್ಕೆ, 1913ರಲ್ಲಿ, ಅಮೆರಿಕದ ಮಾರ್ಗದರ್ಶಕರು ಸೇರಿ ಸಂಘ ಕಟ್ಟಿಕೊಂಡರು. ಕಾರ್ಖಾನೆಗಳ ನಗರದಲ್ಲಿ ಹುಟ್ಟಿದ ಸೂತ್ರ ಅದು. ಒಬ್ಬ ಮನುಷ್ಯನಿಗೆ ಒಂದು ಕೆಲಸ, ಆಯ್ಕೆ ಮಾಡುವವನು ಅವನೊಬ್ಬನೇ ಎಂದುಕೊಂಡು ಹೊರಡುತ್ತದೆ. ಬೆಳಿಗ್ಗೆ ತೋಟ, ಮಧ್ಯಾಹ್ನ ಸೊಸೈಟಿಯ ಗುಮಾಸ್ತಿಕೆ, ರಾತ್ರಿ ಯಕ್ಷಗಾನದ ಮದ್ದಳೆ, ಇವೆಲ್ಲವನ್ನೂ ಒಟ್ಟು ಕುಟುಂಬ ಕೂತು ತೀರ್ಮಾನಿಸುವ ನಮ್ಮ ಕಡೆ ಆ ಅಂಗಿ ತೋಳಿನ ಹತ್ತಿರ ಬಿಗಿಯುತ್ತದೆ. ಅದನ್ನು ಅವರ ಎದುರಿಗೇ ಹೇಳಿದವರಿದ್ದಾರೆ. 2010ರಲ್ಲಿ ಐಎಇವಿಜಿಯ ಸಮ್ಮೇಳನ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ನಮ್ಮ ದೇಶದ ಸಂಘ ‘ವೃತ್ತಿ ಮತ್ತು ಜೀವನೋಪಾಯ ಯೋಜನೆ’ ಎಂದು ಜೀವನೋಪಾಯವನ್ನು ಹೆಸರಿನಲ್ಲೇ ಸೇರಿಸಿಕೊಂಡಿದೆ. ಈ ಒಂದು ಪದಕ್ಕಾಗಿಯೇ ನನಗೆ ಅದರ ಮೇಲೆ ಪ್ರೀತಿ.

ಅವರ ದೌರ್ಬಲ್ಯವನ್ನೂ ಹೇಳಬೇಕು. ಐಎಇವಿಜಿಯ ಅಧಿಕೃತ ಭಾಷೆಗಳು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್. ಆ ನೀತಿಸಂಹಿತೆ ಕನ್ನಡದಲ್ಲಿ ಸಿಗದೆ ನಿಮ್ಮ ಕಾಲೇಜಿನ ಮಕ್ಕಳ ತಂದೆತಾಯಿಯರಿಗೆ ಅದು ಇದ್ದೂ ಇಲ್ಲದಂತೆಯೇ.

ಪ್ರತಿಕ್ರಿಯೆ: ಕುಮಟಾದ ಉಪನ್ಯಾಸಕರು

ಒಪ್ಪಿದೆ. ನಮ್ಮ ಕಾಲೇಜಿನಲ್ಲಿ ಮಾರ್ಗದರ್ಶನದ ಹೊಣೆ ನನ್ನ ತಲೆಗೇ ಕಟ್ಟಿದ್ದಾರೆ. ಮೊದಲು ಸದಸ್ಯತ್ವ ಪಡೆಯಲೇ?

ಉತ್ತರ

ಬೇಡ ಸರ್, ಮೊದಲು ಕಲಿಯಿರಿ. ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾ ಒಂದು ವರ್ಷದ್ದು. ಅರ್ಧ ವರ್ಷ ದೂರಶಿಕ್ಷಣ, ಮೂರು ತಿಂಗಳು ಕೇಂದ್ರದಲ್ಲಿ ಎದುರು ಕೂತು ಕಲಿಯುವುದು, ಕೊನೆಯ ಮೂರು ತಿಂಗಳು ನಿಮ್ಮ ಊರಿನಲ್ಲೇ ಪ್ರಾಯೋಗಿಕ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅದರ ಕೇಂದ್ರಗಳಲ್ಲೊಂದು. ಅದಾದ ಮೇಲೆ ಸಂಘ ಸೇರಿದರೆ ಅಲ್ಲಿ ಬರುವ ಲೇಖನಗಳು ತಲೆಗೆ ಹತ್ತುತ್ತವೆ.

ಪ್ರಶ್ನೆ: ಕಾರವಾರದ ಬೈತಖೋಲದಿಂದ ಒಬ್ಬರು

ಮೇಡಂ, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ತಮ್ಮ ಹತ್ತನೇ ತರಗತಿ ಪಾಸಾಗಿ ಟ್ರಾಲರ್ ಬೋಟಿಗೆ ಹೋಗುತ್ತಾನೆ. ಮರ್ಚೆಂಟ್ ನೇವಿಯಲ್ಲಿ ಕೆಲಸ ಕೊಡಿಸುತ್ತೇನೆ ಎಂದು ಒಬ್ಬ ಏಜೆಂಟ್ 4 ಲಕ್ಷ ಕೇಳುತ್ತಿದ್ದಾನೆ. ಇವನೂ ಅಂತಾರಾಷ್ಟ್ರೀಯ ಎನ್ನುತ್ತಾನೆ.

ಉತ್ತರ

ತಮ್ಮಾ, ಒಂದು ರೂಪಾಯಿಯನ್ನೂ ಕೊಡಬೇಡ. ನಿನ್ನ ವಿಷಯದಲ್ಲಿ ‘ಅಂತಾರಾಷ್ಟ್ರೀಯ’ ಎಂಬುದಕ್ಕೆ ಹಲ್ಲು ಇದೆ. ಮೇಲೆ ಹೇಳಿದ ಸಂಘದ ನಿಯಮ ಅದರ ಸದಸ್ಯರಿಗಷ್ಟೇ. ಇದು ಹಾಗಲ್ಲ, ದೇಶಗಳ ನಡುವಿನ ಒಪ್ಪಂದ. 2006ರ ಸಮುದ್ರ ಕಾರ್ಮಿಕ ಒಪ್ಪಂದಕ್ಕೆ ಭಾರತ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಪ್ರಕಾರ, ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ನಾವಿಕರ ಗುರುತಿನ ಪುಸ್ತಕ, ಪಾಸ್‌ಪೋರ್ಟ್ ಇಂಥವುಗಳ ಖರ್ಚು ಮಾತ್ರ ನಿಮ್ಮದು.

ತರಬೇತಿಯ ಶುಲ್ಕ ಬೇರೆ ಮಾತು. ಅದನ್ನು ಡಿಜಿ ಶಿಪ್ಪಿಂಗ್, ಅಂದರೆ ಕೇಂದ್ರ ಸರ್ಕಾರದ ಹಡಗು ಸಾರಿಗೆ ಮಹಾನಿರ್ದೇಶನಾಲಯದ ಮಾನ್ಯತೆ ಇರುವ ಸಂಸ್ಥೆಗೇ ಕಟ್ಟಿ ರಸೀದಿ ಪಡೆಯಬೇಕು. ಏಜೆಂಟನನ್ನು ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಪರವಾನಗಿಯ ಸಂಖ್ಯೆ ಕೇಳು. ಕೊಟ್ಟರೆ ಡಿಜಿ ಶಿಪ್ಪಿಂಗ್ ಜಾಲತಾಣದ ಪಟ್ಟಿಯಲ್ಲಿ ಹುಡುಕು. ‘ಬರುತ್ತದೆ, ಪ್ರೊಸೆಸ್‌ನಲ್ಲಿದೆ’ ಎಂದರೆ ಚಹಾ ಕುಡಿಸಿ ಕಳುಹಿಸು. ನಿನ್ನ ತಮ್ಮ ಐಟಿಐ ಮಾಡಲು ಒಪ್ಪಿದರೆ ಇಲ್ಲೇ ಕಾರವಾರದ ನೌಕಾ ಹಡಗು ದುರಸ್ತಿ ಅಂಗಳದಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತಾರೆ. ಅದನ್ನೂ ಅವನ ಕಿವಿಗೆ ಹಾಕು.

ಮೊದಲ ಪ್ರಶ್ನೆ ಕೇಳಿದ ತಾಯಿ

ಮೇಡಂ, ಯಜಮಾನರಿಗೆ ಓದಿ ಹೇಳಿದೆ. ನಾಳೆ ಆ ಮಾರ್ಗದರ್ಶಕರು ವರದಿ ಹಿಡಿದುಕೊಂಡು ಮತ್ತೆ ಶಾಲೆಗೆ ಬರುತ್ತಾರಂತೆ. ನಾನೂ ಹೋಗುತ್ತೇನೆ. ಏನು ಕೇಳಲಿ?

ಉತ್ತರ

ಜಗಳ ಬೇಡ ಅಕ್ಕಾ. ‘ನಿಮ್ಮ ಸಂಘದ ನೀತಿಸಂಹಿತೆಯ ಪ್ರತಿ ಇದೆಯೇ?’ ಎಂದು ಕೇಳಿ. ಅಸಲಿ ಸದಸ್ಯನಿಗೆ ಅದು ಸಂತೋಷದ ಪ್ರಶ್ನೆ. ಆಮೇಲೆ, ಚೀಟಿಯಲ್ಲಿರುವ ಕೋಚಿಂಗ್‌ನವರಿಗೂ ಅವರಿಗೂ ಏನಾದರೂ ವ್ಯವಹಾರ ಉಂಟೇ ಎಂದು ವಿಚಾರಿಸಿ. ಉತ್ತರ ಬರುವವರೆಗೆ ಸುಮ್ಮನಿರಿ, ಮಧ್ಯೆ ನೀವೇ ಮಾತು ಸೇರಿಸಿ ಅವರಿಗೆ ದಾರಿ ಮಾಡಿಕೊಡಬೇಡಿ.

ತಾಯಿ, ಮರುದಿನ ಸಂಜೆ

ಕೇಳಿದೆ ಮೇಡಂ. ಪ್ರತಿ ಕಾರಿನಲ್ಲಿದೆ, ತರುತ್ತೇನೆ ಎಂದು ಹೊರಗೆ ಹೋದರು. ಅರ್ಧ ಗಂಟೆ ಕಾದೆವು. ಚೌಕಟ್ಟು ಮೇಜಿನ ಮೇಲೆಯೇ ಇತ್ತು, ಹೆಡ್‌ಮಾಸ್ತರರು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮುಂಗಡ ವಾಪಸಾಗದೆ ಅದನ್ನು ಕೊಡುವುದಿಲ್ಲವಂತೆ. ಮಾಣಿಗೆ ಈಗ ನಮ್ಮ ಶಿರಸಿಯ ಅರಣ್ಯ ಕಾಲೇಜಿನ ಹುಚ್ಚು ಹತ್ತಿದೆ. ಅಲ್ಲಿಗೆ ಹೋಗಲು ಏನು ಮಾಡಬೇಕು? ಕಸಿ ಕಟ್ಟಲು ಬರುತ್ತದೆ ಎಂದರೆ ಅಂಕ ಕೊಡುತ್ತಾರೆಯೇ ಎಂದು ಕೇಳುತ್ತಾನೆ.

ಉತ್ತರ

ಕಸಿಗೆಂದೇ ಅಂಕ ಇಲ್ಲ ಎಂದು ಹೇಳಿ, ಬೇಜಾರು ಮಾಡಿಕೊಳ್ಳದಿರಲಿ. ಅದು ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು, ಪದವಿ ನಾಲ್ಕು ವರ್ಷದ್ದು. ಪಿಯುಸಿಯಲ್ಲಿ ವಿಜ್ಞಾನ ಓದಿ ಸಿಇಟಿ ಬರೆಯಬೇಕು. ಕೃಷಿಕರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗಿಡ, ಕೃಷಿ ಸಲಕರಣೆಗಳನ್ನು ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ನಮ್ಮ ಕಡೆಯ ಮಕ್ಕಳು ಅಡಿಕೆ, ಮೆಣಸು, ಏಲಕ್ಕಿ ಬಿಟ್ಟರೆ ಜೋಳ, ಸಜ್ಜೆ, ಕುಸುಬೆಯ ಮುಂದೆ ಕಣ್ಣು ಕಣ್ಣು ಬಿಡುತ್ತಾರೆ. ರಜೆಯಲ್ಲಿ ಬಯಲುಸೀಮೆಯ ನೆಂಟರ ಮನೆಗೆ ಕಳುಹಿಸಿ. ಆ ಕೋಟಾಕ್ಕಾಗಿ, ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ, ಅಜ್ಜನದೋ ಅಪ್ಪನದೋ, ಅದನ್ನು ಇವತ್ತೇ ತೆಗೆದು ನೋಡಿ.