ಚಿನ್ನುವಿನ ಕೈ ಮತ್ತು ಕುದುರೆ ಇಂಜೆಕ್ಷನ್

ನಮ್ಮ ‘ಅಜ್ಜಿಮನೆ ಬಳಗ’ ಗುಂಪಿನಲ್ಲಿ 38 ಜನ ಇದ್ದೇವೆ. ಮಾತಾಡುವವರು ಆರೇಳು. ಉಳಿದವರು ಹುಟ್ಟುಹಬ್ಬಕ್ಕೆ ಕೇಕ್ ಚಿತ್ರ ಹಾಕಲು ಮಾತ್ರ ಬರುತ್ತಾರೆ. ಕಳೆದ ಭಾನುವಾರ ಬೆಳಗ್ಗೆ ಸೀನು ಮಾವ ಒಂದು ಫಾರ್ವರ್ಡ್ ಹಾಕಿದರು. ಮೇಲೆ ಎರಡು ಬಾಣದ ಗುರುತು. ಅಂದರೆ ಊರೆಲ್ಲ ಸುತ್ತಿ ನಮ್ಮ ಮನೆಗೆ ಬಂದದ್ದು.

ಸೀನು ಮಾವ: ಎಚ್ಚರ ಪೋಷಕರೇ ಎಚ್ಚರ!! ಕುದುರೆಗೆ ಕೊಡುವ ಮತ್ತಿನ ಇಂಜೆಕ್ಷನ್ ಈಗ ನಿಮ್ಮ ಮಕ್ಕಳಿಗೆ! ಹೆಸರು ಕೆಟಮಿನ್. ಮಿದುಳನ್ನು ದೇಹದಿಂದ ಬೇರ್ಪಡಿಸುತ್ತದೆ. ಹಾಲಿವುಡ್ ನಟನೇ ಸತ್ತುಹೋದ. 10 ಜನರಿಗೆ ಕಳಿಸಿ, ಒಂದು ಮಗುವನ್ನು ಉಳಿಸಿ.

ಸೀನು ಮಾವ: ಸುಮಾ, ಮೊನ್ನೆ ಚಿನ್ನುಗೆ ಕೊಟ್ಟದ್ದು ಇದೇ ಅಲ್ವಾ?

ಮೊನ್ನೆ ಎಂದರೆ ಗುರುವಾರ. ಚಿನ್ನು ಕಾಂಪೌಂಡ್ ಮೇಲಿಂದ ಬಿದ್ದು ಎಡಗೈ ಮುರಿದುಕೊಂಡಿದ್ದ. ಆರು ವರ್ಷದ ಹುಡುಗ. ಮತ್ತು ಕೊಟ್ಟು, ಮೂಳೆ ಕೂರಿಸಿ, ಪ್ಲಾಸ್ಟರ್ ಹಾಕಿ ಸಂಜೆಗೆ ಮನೆಗೆ ಕಳಿಸಿದ್ದರು.

ಸುಮಾ: ಹೌದು ಮಾವ, ಚೀಟಿಯಲ್ಲಿ ಅದೇ ಹೆಸರಿದೆ. ನನಗೂ ಅವತ್ತಿನಿಂದ ಭಯ. ಕಣ್ಣು ತೆರೆದೇ ಇದ್ದ. ಗುಡ್ಡೆ ಅತ್ತಿತ್ತ ಆಡುತ್ತಿತ್ತು. ಕರೆದರೆ ಓ ಅನ್ನಲಿಲ್ಲ. ಎದ್ದ ಮೇಲೆ ಅಪ್ಪನಿಗೆ ನಾಲ್ಕು ಕಣ್ಣು ಅಂತ ನಕ್ಕ. ಆಮೇಲೆ ಸುಮ್ನೆ ಜೋರಾಗಿ ಅತ್ತ.

ರಘು: ಮಾವ, ಇದಕ್ಕೆ ಮೂಲ ಎಲ್ಲಿ? ಯಾವ ಪತ್ರಿಕೆ, ಯಾವ ಡಾಕ್ಟರು ಹೇಳಿದ್ದು?

ಗಿರಿ ಅಣ್ಣ: ಮೂಲ ಇರುವುದು ಮಾವನಿಗೇ. ಅದಕ್ಕೇ ಕುರ್ಚಿ ಮೇಲೆ ದಿಂಬು ಇಟ್ಟುಕೊಂಡು ಕೂರುತ್ತಾರೆ.

ಇದಕ್ಕೆ 14 ಜನ ನಗುವ ಮುಖ ಹಾಕಿದರು. ಕೇಕ್ ಪಾರ್ಟಿಯವರೂ ಎದ್ದು ಬಂದಿದ್ದರು.

ನಡುವೆ ವನಜ ಚಿಕ್ಕಮ್ಮನ ಮೆಸೇಜು ಬಂತು. ಚಿಕ್ಕಮ್ಮ 31 ವರ್ಷ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿದ್ದವರು. ನಮ್ಮ ಮನೆಯಲ್ಲಿ ಅವರಿಗೆ ಒಪ್ಪಿಸಿದ್ದು ಬಿಪಿ ನೋಡುವ ಕೆಲಸ ಮಾತ್ರ.

ವನಜ ಚಿಕ್ಕಮ್ಮ: ಸುಮಾ, ಹೆದರಬೇಡಮ್ಮ. ಕೆಟಮಿನ್ ಕೊಟ್ಟರೆ ಕಣ್ಣು ತೆರೆದೇ ಇರುತ್ತದೆ, ಗುಡ್ಡೆ ಆಡುತ್ತದೆ. ನಮ್ಮನ್ನೇ ನೋಡುತ್ತಿದೆ ಅನ್ನಿಸುತ್ತದೆ, ಮಗು ನೋಡುತ್ತಿರುವುದಿಲ್ಲ. ಬೇರೆ ಮತ್ತಿನ ಔಷಧಿ ಇಡೀ ಮನೆಯ ದೀಪ ಆರಿಸಿದ ಹಾಗೆ. ಇದು ಹಾಗಲ್ಲ. ಕೈಯಿಂದ ನೋವಿನ ಫೋನು ಬರುತ್ತಲೇ ಇರುತ್ತದೆ, ಮಿದುಳು ಎತ್ತುವುದಿಲ್ಲ. ಮಿದುಳಿನ ಜೀವಕೋಶಗಳು ಒಂದಕ್ಕೊಂದು ಮಾತಾಡಲು ಗ್ಲುಟಮೇಟ್ ಅನ್ನುವ ರಾಸಾಯನಿಕ ಬೇಕು. ಅದು ಬಂದು ತಟ್ಟುವ ಬಾಗಿಲುಗಳಲ್ಲಿ ಎನ್‌ಎಂಡಿಎ ಒಂದು. ಕೆಟಮಿನ್ ಅದಕ್ಕೆ ಅಗುಳಿ ಹಾಕುತ್ತದೆ. ‘ಬೇರ್ಪಡಿಸುತ್ತದೆ’ ಅಂದರೆ ಇಷ್ಟೇ. ಉಸಿರಾಟ ಸಾಮಾನ್ಯವಾಗಿ ನಡೆದೇ ಇರುತ್ತದೆ. ಬಿಪಿ ಇಳಿಯುವ ಬದಲು ಏರುತ್ತದೆ. ನರಕ್ಕೆ ಕೊಟ್ಟರೆ 10ರಿಂದ 15 ನಿಮಿಷ, ಮೂಳೆ ಕೂರಿಸಲು ಅಷ್ಟು ಸಾಕು. ಏಳುವಾಗ ಕೆಲವರಿಗೆ ಎರಡೆರಡು ಕಾಣುತ್ತದೆ, ಕನಸು, ಅಳು. ಅದು ಮಕ್ಕಳಿಗಿಂತ ದೊಡ್ಡವರಿಗೇ ಜಾಸ್ತಿ. ಅದಕ್ಕೇ ಏಳುವ ಕೋಣೆಯಲ್ಲಿ ಗಲಾಟೆ ಮಾಡಬಾರದು ಅನ್ನುತ್ತೇವೆ. ಇನ್ನು ಕುದುರೆ ವಿಷಯ. ಕುದುರೆಗೂ ಕೊಡುತ್ತಾರೆ, ಚಿರತೆ ಹಿಡಿಯುವಾಗಲೂ ಕೊಡುತ್ತಾರೆ. ಕುದುರೆಗೆ ಪೆನಿಸಿಲಿನ್ನೂ ಕೊಡುತ್ತಾರಲ್ಲ.

ಇದಕ್ಕೆ ಬಂದದ್ದು ಒಂದೇ ಹೆಬ್ಬೆರಳು. ನನ್ನದು.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ನೋವನ್ನು ಸಹಿಸುವುದು ಬದುಕಿನ ಮೊದಲ ಪಾಠ. ಈಗಿನವರಿಗೆ ಎಲ್ಲದಕ್ಕೂ ಮತ್ತು ಬೇಕು. ಮಗು ಕಾಂಪೌಂಡ್ ಹತ್ತುವಾಗ ಮನೆಯವರು ಮೊಬೈಲಿನಿಂದ ತಲೆ ಎತ್ತಿದ್ದರೆ ಈ ಇಂಜೆಕ್ಷನ್ ಪ್ರಶ್ನೆಯೇ ಬರುತ್ತಿರಲಿಲ್ಲ.

ಸುಮಾ: ಅಪ್ಪಾ, ಅವತ್ತು ಅವನನ್ನು ನೋಡಿಕೊಳ್ಳುತ್ತಿದ್ದದ್ದು ನೀವು.

ಆಮೇಲೆ ಐದು ನಿಮಿಷ ‘ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಕಾಣುತ್ತಿತ್ತು. ಏನೂ ಬರಲಿಲ್ಲ.

ರಘುಗೆ ಅಷ್ಟರಲ್ಲಿ ಮೂಲ ಸಿಕ್ಕಿತ್ತು. ಅವನ ಕಷ್ಟ ಏನೆಂದರೆ, ಸಿಕ್ಕಿದ್ದನ್ನೆಲ್ಲ ತಂದು ಸುರಿಯುತ್ತಾನೆ.

ರಘು: 1962ರಲ್ಲಿ ಅಮೆರಿಕದಲ್ಲಿ ತಯಾರಿಸಿದ್ದು. ಅದಕ್ಕೆ ಮೊದಲು ಪಿಸಿಪಿ ಅಂತ ಒಂದು ಮತ್ತಿನ ಔಷಧಿ ಇತ್ತು. ಅದು ಕೊಟ್ಟರೆ ರೋಗಿಗಳು ಎದ್ದ ಮೇಲೂ ಬಹಳ ಹೊತ್ತು ರಂಪ ಮಾಡುತ್ತಿದ್ದರಂತೆ. ಅದರ ಬದಲಿಗೆ ಇದು. 1964ರಲ್ಲಿ ಮಿಷಿಗನ್‌ನ ಜೈಲಿನಲ್ಲಿ ಕೈದಿಗಳಿಗೆ ಮೊದಲು ಕೊಟ್ಟು ನೋಡಿದರು. 1970ರಲ್ಲಿ ಒಪ್ಪಿಗೆ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿ ಪಟ್ಟಿಯಲ್ಲಿ 1985ರಿಂದ ಇದೆ.

ಸೀನು ಮಾವ: ನೋಡಿದಿರಾ! ರಘುನೇ ಒಪ್ಪಿಕೊಂಡ. ಜೈಲಿನವರಿಗೆ ಕೊಡುವುದು!

ರಘು: ಮಾವ, ಪೂರ್ತಿ ಓದಿ.

ಸೀನು ಮಾವ: ಓದುವುದಕ್ಕೇನಿದೆ? ನಿನ್ನ ಗೃಹಪ್ರವೇಶದ ಪತ್ರಿಕೆ ಪೂರ್ತಿ ಓದಿದ್ದೆ. ನನ್ನ ಹೆಸರೇ ಇರಲಿಲ್ಲ.

ಇದು 2017ರ ವಿಷಯ. ಪ್ರತಿ ಜಗಳವೂ ಒಂದಲ್ಲ ಒಂದು ದಾರಿಯಲ್ಲಿ ಆ ಪತ್ರಿಕೆಗೆ ಬಂದು ಸೇರುತ್ತದೆ.

ಗಿರಿ ಅಣ್ಣ: ಬಿಡಿ ಮಾವ. ಕೈ ಮುರಿದದ್ದು ಅಂದರೆ ನನಗೆ ಅಜ್ಜಿಮನೆ ಹಿತ್ತಲಿನ ನೇರಳೆ ಮರ ನೆನಪಾಗುತ್ತದೆ. ಹಣ್ಣು ತಿಂದು ನಾಲಿಗೆ ತೋರಿಸಿ ಯಾರದು ಜಾಸ್ತಿ ನೇರಳೆ ಅಂತ ಪಂದ್ಯ. ನೀವು 1971ರಲ್ಲಿ ಬಿದ್ದದ್ದೂ ಅದೇ ಮರದಿಂದ ಅಲ್ವಾ? ನಾಟಿ ವೈದ್ಯರು ಕೈ ಎಳೆದಾಗ ನೀವು ಕೂಗಿದ್ದು ಅಕ್ಕಿ ಗಿರಣಿವರೆಗೂ ಕೇಳಿತ್ತು ಅಂತ ಅಜ್ಜಿ ಹೇಳುತ್ತಿದ್ದರು.

ಸೀನು ಮಾವ: ನಾಲ್ಕು ಜನ ಹಿಡಿದುಕೊಂಡಿದ್ದರು. ಬಾಯಿಗೆ ಟವೆಲ್ ಕೊಟ್ಟಿದ್ದರು. ಟಕ್ ಅಂತ ಶಬ್ದ ಬಂತು. ಈಗಲೂ ಕೆಲವು ರಾತ್ರಿ ಕೇಳಿಸುತ್ತದೆ.

ರಘು: ಮತ್ತೆ ಕೆಟಮಿನ್ ಬೇಡ ಅನ್ನುತ್ತೀರಿ!

ಸೀನು ಮಾವ: ನಾನು ಬಿದ್ದದ್ದು ಯಾಕೆ ಅಂತ ಕೇಳು. ಕೊಂಬೆ ಅಲ್ಲಾಡಿಸಿದ್ದು ಯಾರು ಅಂತ ಕೇಳು.

ವನಜ ಚಿಕ್ಕಮ್ಮ: ಸೀನಣ್ಣ, ನಾನು ಅಲ್ಲಾಡಿಸಲಿಲ್ಲ. ನನಗೆ ಆಗ ಏಳು ವರ್ಷ.

ಸೀನು ಮಾವ: ಏಳು ವರ್ಷಕ್ಕೆ ಕೈ ಇರುವುದಿಲ್ಲವಾ?

ಸುಮಾ ಪಾಪ, ಇದರ ನಡುವೆ ಒಂದೇ ಪ್ರಶ್ನೆ ಕೇಳಿದಳು. ಹಾಲಿವುಡ್ ನಟ ಸತ್ತದ್ದು ನಿಜವಾ?

ವನಜ ಚಿಕ್ಕಮ್ಮ: ನಿಜ. 2023ರಲ್ಲಿ, ಮ್ಯಾಥ್ಯೂ ಪೆರ್ರಿ. ಆಪರೇಷನ್‌ಗೆ ಪೂರ್ತಿ ಮತ್ತು ಕೊಟ್ಟಾಗ ಇರುವಷ್ಟು ಕೆಟಮಿನ್ ಅವರ ರಕ್ತದಲ್ಲಿತ್ತು. ಇದ್ದದ್ದು ಮನೆಯ ಬಿಸಿನೀರಿನ ತೊಟ್ಟಿಯಲ್ಲಿ. ಪಕ್ಕದಲ್ಲಿ ಅನಸ್ತೇಷಿಯಾ ಡಾಕ್ಟರು ಇಲ್ಲ, ಆಕ್ಸಿಜನ್ ಇಲ್ಲ. ಚಿನ್ನು ಬೆರಳಿಗೆ ಕ್ಲಿಪ್ ಹಾಕಿರಲಿಲ್ಲವಾ? ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡಲು ಅದು. ನಶೆಗೆ ತಗೊಳ್ಳುವವರ ಕತೆ ಬೇರೆ. ದಿನಾ ತಗೊಂಡರೆ ನೆನಪು ಹಾಳಾಗುತ್ತದೆ, ಮೂತ್ರಕೋಶವೂ ಹಾಳಾಗುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ 2013ರ ಕೊನೆಯಿಂದ ಷೆಡ್ಯೂಲ್ ಎಕ್ಸ್ ಅನ್ನುವ ಕಟ್ಟುನಿಟ್ಟಿನ ಔಷಧಿ ಪಟ್ಟಿಗೆ ಹಾಕಿದ್ದಾರೆ. ನಮ್ಮಲ್ಲಿ ಬೀಗದ ಕಪಾಟು, ರಿಜಿಸ್ಟರು, ಖಾಲಿ ಬಾಟಲಿಗೂ ಲೆಕ್ಕ. 2018ರಲ್ಲಿ ಥಾಯ್ಲೆಂಡ್ ಗುಹೆಯಲ್ಲಿ ಸಿಕ್ಕಿಕೊಂಡ 12 ಹುಡುಗರು, ಅವರ ಕೋಚ್, ಎಲ್ಲರಿಗೂ ಇದನ್ನೇ ಕೊಟ್ಟು ನೀರಿನಡಿ ತಂದರು. ದಾರಿಯಲ್ಲಿ ಮತ್ತು ಇಳಿದರೆ ಡೈವರುಗಳೇ ಮತ್ತೆ ಚುಚ್ಚುತ್ತಿದ್ದರು. 13 ಜನವೂ ಬದುಕಿ ಬಂದರು.

ಗುಂಪು ಒಂದು ನಿಮಿಷ ಸುಮ್ಮನಾಯಿತು. ಈ ಸಲವಾದರೂ ಓದಿದರು ಅಂದುಕೊಂಡೆ.

ದೊಡ್ಡಪ್ಪ: ಥಾಯ್ಲೆಂಡ್ ಎಂದಾಗ ನೆನಪಾಯಿತು. ಗಿರಿ, 2019ರಲ್ಲಿ ಆಫೀಸ್ ಕೆಲಸಕ್ಕೆ ಚೆನ್ನೈ ಎಂದು ಹೇಳಿ ನೀನು ಹೋಗಿದ್ದು ಎಲ್ಲಿಗೆ?

ಗಿರಿ ಅಣ್ಣ ಗುಂಪಿನಿಂದ ಹೊರಗೆ ಹೋದ. ಸಂಜೆ ನಾನೇ ಮತ್ತೆ ಸೇರಿಸಿದೆ.

ರಾತ್ರಿ ಸುಮಾ ಬರೆದಳು: ಚಿನ್ನುನ ಕೇಳಿದೆ. ಕೈ ಎಳೆದದ್ದು ಅವನಿಗೆ ನೆನಪೇ ಇಲ್ಲ. ಫ್ಯಾನ್ ಹತ್ತಿರ ಹೋಗಿ ಬಂದೆ ಅನ್ನುತ್ತಾನೆ. ಇನ್ನೊಂದು ಸಲ ಹೋಗಬಹುದಾ ಅಂತ ಕೇಳುತ್ತಾನೆ.

ಸೀನು ಮಾವ ಅದಕ್ಕೆ ಏನೂ ಬರೆಯಲಿಲ್ಲ. ಬೆಳಗಿನ ಫಾರ್ವರ್ಡನ್ನು ಅಳಿಸಲೂ ಇಲ್ಲ.

ಹತ್ತೂವರೆಗೆ ಚಿಕ್ಕಮ್ಮ ನನಗೊಬ್ಬಳಿಗೇ ಮೆಸೇಜ್ ಹಾಕಿದರು: ಪ್ಲಾಸ್ಟರ್ ಒದ್ದೆ ಮಾಡಬಾರದು, ಬೆರಳು ಊದಿದರೆ ಅಥವಾ ನೀಲಿಯಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು ಅಂತ ಸುಮಾಗೆ ಫೋನ್ ಮಾಡಿ ಹೇಳು. ಗುಂಪಿನಲ್ಲಿ ಹಾಕಿದರೆ ಮತ್ತೆ ಕೊಂಬೆ ವಿಷಯ ಬರುತ್ತದೆ.