ಸಹಾಯ ಬೇಕು: ಇದು ನಿಜವಾಗಿಯೂ ಅಮೃತಬಳ್ಳಿಯೇ?

ನಮ್ಮ ಮನೆ ಶಿರಸಿಯ ಹತ್ತಿರ. ಅಮ್ಮನಿಗೆ 68 ವರ್ಷ. ಅಮೃತಬಳ್ಳಿಯ ಕಾಂಡ ಜಜ್ಜಿ, ಕಾಳುಮೆಣಸು, ಜೀರಿಗೆ ಹಾಕಿ ಕುದಿಸಿದ ಕಷಾಯವನ್ನು ಕೊರೊನಾ ಕಾಲದಿಂದ ಕುಡಿಯುತ್ತಿದ್ದಾರೆ. ಹಿತ್ತಿಲಿನ ಹಳೆಯ ಬಳ್ಳಿ ಈ ಮಳೆಗಾಲದಲ್ಲಿ ಮರದೊಂದಿಗೇ ಬಿದ್ದುಹೋಯಿತು. ಪರಿಚಯದವರೊಬ್ಬರು ಪ್ರೀತಿಯಿಂದ ಬೇರೆ ಬಳ್ಳಿ ತಂದುಕೊಟ್ಟಿದ್ದಾರೆ.

ಎಲೆ ಅದೇ ಹೃದಯದ ಆಕಾರ, ಅದೇ ಕಹಿ. ಆದರೆ ಕಾಂಡದ ತುಂಬ ನರೂಲಿಯಂತಹ ಗಂಟುಗಳಿವೆ, ಕತ್ತರಿಸಿದರೆ ಹಾಲಿನಂತಹ ರಸ ಜಿನುಗುತ್ತದೆ. ನಮ್ಮ ಹಳೆಯ ಬಳ್ಳಿ ಹೀಗಿರಲಿಲ್ಲ. ಅಮೃತಬಳ್ಳಿಯ ವೈಜ್ಞಾನಿಕ ಹೆಸರು ಟಿನೋಸ್ಪೋರಾ ಕಾರ್ಡಿಫೋಲಿಯಾ. ಅದನ್ನೇ ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಎಂಬ ಇನ್ನೊಂದು ಬಳ್ಳಿ ಹಾನಿಕರವಾಗಬಹುದು ಎಂದು ಆಯುಷ್ ಸಚಿವಾಲಯವೇ 2022ರಲ್ಲಿ ಎಚ್ಚರಿಸಿತ್ತು. ಕ್ರಿಸ್ಪಾದಿಂದ ಯಕೃತ್ತಿಗೆ ತೊಂದರೆಯಾದ ವರದಿಗಳೂ ಇವೆ. ಗಂಟು, ಹಾಲು ಎರಡೂ ಕ್ರಿಸ್ಪಾದ ಗುರುತುಗಳೆಂದು ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ಸದ್ಯಕ್ಕೆ ಕಷಾಯ ನಿಲ್ಲಿಸಿದ್ದೇನೆ, ಅಮ್ಮನಿಗೆ ಬೇಸರವಾಗಿದೆ.

ಕಾಂಡ, ಎಲೆಗಳ ಚಿತ್ರ ಹಾಕಿದ್ದೇನೆ. ಸಸ್ಯಶಾಸ್ತ್ರ ಬಲ್ಲವರು ದಯವಿಟ್ಟು ನೋಡಿ ಹೇಳಿ. ಉತ್ತರ ಕನ್ನಡ ಜಿಲ್ಲೆಯಲ್ಲಿ ಖಚಿತವಾಗಿ ಗುರುತಿಸಿದ ಸಸಿ ಎಲ್ಲಿ ಸಿಗುತ್ತದೆ? ಇನ್ನೊಂದು ಆತಂಕ: ಅಮ್ಮ ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಅಮೃತಬಳ್ಳಿಯೂ ಸಕ್ಕರೆ ಇಳಿಸಬಲ್ಲದು. ಎರಡನ್ನೂ ಒಟ್ಟಿಗೆ ಬಳಸುವವರಿಗೆ ವೈದ್ಯರು ಏನು ಹೇಳಿದ್ದಾರೆ? ಮುಂದಿನ ವಾರ ನಮ್ಮ ವೈದ್ಯರನ್ನು ಕಾಣುವ ಮೊದಲು ತಿಳಿದಿದ್ದರೆ ಸರಿಯಾಗಿ ಕೇಳಬಹುದು.