ಪರೇಲ್‌ನಲ್ಲಿ ನನ್ನ ಕೆಲಸ, ಐರೋಲಿಯಲ್ಲಿ ಹೆಂಡತಿಯದು: ಮನೆ ಎಲ್ಲಿ ಹಿಡಿಯಬೇಕು?

ಹುಬ್ಬಳ್ಳಿಯಿಂದ ಕೇಳಿದವರು:

ಎಲ್ಲಾರಿಗೂ ನಮಸ್ಕಾರ್ರೀ. ಬರೋ ಜೂನ್‌ದಾಗ ನನಗ ಮುಂಬೈಗೆ ವರ್ಗ ಆಗೇತಿ. ಆಫೀಸು ಪರೇಲ್‌ದಾಗ, ಸ್ಟೇಷನ್ನಿನಿಂದ ನಡಕೊಂಡು ಹೋಗಬಹುದು. ಹೆಂಡತಿಗೂ ಕೆಲಸ ಸಿಕ್ಕೇತಿ, ಆದ್ರ ನವಿ ಮುಂಬೈದ ಐರೋಲಿಯೊಳಗ. ಜೊತಿಗೆ ಅವ್ವ ಬರ್ತಾಳ, ಆಕಿಗೆ ಮೊಣಕಾಲು ನೋವು, ಮೆಟ್ಟಲ ಹತ್ತೋದು ಆಗಂಗಿಲ್ಲ. ಮಗಳು ಈ ವರ್ಷ ಒಂದನೇತ್ತಾ. ಬಾಡಿಗಿ 25 ಸಾವಿರದ ಮ್ಯಾಲೆ ಕೊಡಾಕ ಆಗಂಗಿಲ್ಲ. ದಲಾಲ ಮೂರು ಕಡೆ ತೋರಸ್ಯಾನ: ಡೊಂಬಿವಲಿ ಆಚೆ ಶಿಳ್‌ಫಾಟಾ ರಸ್ತಾದಾಗ ಹೊಸಾ ಟೌನ್‌ಶಿಪ್, ಥಾಣೆದ ಘೋಡ್‌ಬಂದರ್ ರೋಡ್, ಇಲ್ಲಾ ನವಿ ಮುಂಬೈದ ಖಾರ್‌ಘರ್. ಫೋಟೋದಾಗ ಮೂರೂ ಚಂದ ಅದಾವು. ಮ್ಯಾಪಿನ್ಯಾಗ ನೋಡಿದ್ರ ಎಲ್ಲಾ ಸನೇದಾಗ ಕಾಣಸ್ತಾವು. ಅಲ್ಲಿ ಇದ್ದು ಓಡ್ಯಾಡಿದವರು ಹೇಳ್ರಿ.

ಡೊಂಬಿವಲಿ ಪೂರ್ವದಿಂದ:

ತಮ್ಮಾ, ಮೊದಲು ಆ ಮ್ಯಾಪ್ ಮುಚ್ಚಿಡಿ. ಇಲ್ಲಿ ಯಾರೂ ಎಷ್ಟು ಕಿಲೋಮೀಟರ್ ಎಂದು ಕೇಳುವುದಿಲ್ಲ. ಸ್ಟೇಷನ್ನಿಗೆ ನಡೆದು ಎಷ್ಟು ನಿಮಿಷ, ಅಲ್ಲಿಂದ ಯಾವ ಲೋಕಲ್, ಅದು ಎಲ್ಲಿಂದ ಹೊರಡುತ್ತದೆ, ಇಷ್ಟೇ ಕೇಳುವುದು.

ನಾನು ಕುಂದಾಪುರದಿಂದ ಮದುವೆಯಾಗಿ ಬಂದದ್ದು 2001ರಲ್ಲಿ. ಆಗ ನಮ್ಮದು ಡೊಂಬಿವಲಿ ಪಶ್ಚಿಮದಲ್ಲಿ ಒಂದು ಹಳೇ ಕಟ್ಟಡದ ಸಣ್ಣ ಖೋಲಿ. ನೀರು ಬೆಳಿಗ್ಗೆ ಒಂದು ಹೊತ್ತು ಮಾತ್ರ. ಆದರೆ ಸ್ಟೇಷನ್ ಎಂಟು ನಿಮಿಷ. ಅಡುಗೆ ಮುಗಿಸಿ, ಡಬ್ಬಿ ಕಟ್ಟಿ, ಬೇಗ ಬೇಗ ಹೆಜ್ಜೆ ಹಾಕಿದರೆ ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಸಿಗುತ್ತಿತ್ತು. ಅದರಲ್ಲಿ ಕೂತುಕೊಂಡು ಹೋಗಬಹುದು. ಕಲ್ಯಾಣ್‌ನಿಂದ, ಕರ್ಜತ್‌ನಿಂದ, ಕಸಾರಾದಿಂದ ಬರುವ ಗಾಡಿಯಾದರೆ ನಮ್ಮಲ್ಲಿಗೆ ಬರುವಾಗಲೇ ತುಂಬಿರುತ್ತದೆ, ಬಾಗಿಲಲ್ಲಿ ಕಾಲಿಡಲೂ ಜಾಗ ಇಲ್ಲ. ಕೆಲವರು ಹಿಂದಿನ ಸ್ಟೇಷನ್ನಿಗೆ ಉಲ್ಟಾ ಹೋಗಿ, ಅಲ್ಲಿ ಸೀಟು ಹಿಡಿದು, ಅದೇ ಗಾಡಿಯಲ್ಲಿ ವಾಪಸ್ ಬರುತ್ತಾರೆ. ಮುಕ್ಕಾಲು ಗಂಟೆ ಹೆಚ್ಚು ಹೋದರೂ ಪರವಾಗಿಲ್ಲ, ಕೂರಬೇಕು ಎನ್ನುತ್ತಾರೆ. ನನಗೆ ಗರ್ಭಿಣಿಯಾಗಿದ್ದಾಗ ಅದು ಯಾಕೆಂದು ಅರ್ಥ ಆಯಿತು.

2012ರಲ್ಲಿ ನಾವು ಎಂಐಡಿಸಿ, ಅಂದರೆ ಕೈಗಾರಿಕಾ ಪ್ರದೇಶದ ಕಡೆಗೆ ದೊಡ್ಡ ಮನೆ ಮಾಡಿದೆವು. ಲಿಫ್ಟ್ ಉಂಟು, ಬಾಲ್ಕನಿ ಉಂಟು, ಮಕ್ಕಳಿಗೆ ಆಡಲು ಜಾಗ ಉಂಟು. ಸ್ಟೇಷನ್ ಮೂರು ಕಿಲೋಮೀಟರ್, ಅದೇನು ದೂರ ಎಂದು ಯೋಚಿಸಿದ್ದೆವು. ಶೇರ್ ರಿಕ್ಷಾದ ಸಾಲು ನೋಡಿಯೇ ಇರಲಿಲ್ಲ. ಸಂಜೆ ಎಂಟು ಗಂಟೆಗೆ ಇಳಿದರೆ ಸಾಲಿನಲ್ಲಿ ಇಪ್ಪತ್ತೈದು ನಿಮಿಷ, ಮಳೆಯಲ್ಲಿ ಇನ್ನೂ ಹೆಚ್ಚು. ಬೆಳಿಗ್ಗೆ ರಿಕ್ಷಾ ತಡವಾದರೆ ಡೊಂಬಿವಲಿ ಲೋಕಲ್ ತಪ್ಪಿತು, ಮತ್ತೆ ತುಂಬಿದ ಗಾಡಿಯೇ ಗತಿ. ರೈಲಿನ ಹೊತ್ತು ಒಂದು ನಿಮಿಷವೂ ಬದಲಾಗಲಿಲ್ಲ, ಆದರೆ ನನ್ನ ದಿನದಿಂದ ಒಂದು ಗಂಟೆಗಿಂತ ಹೆಚ್ಚು ಹೋಯಿತು. ಮಗ ಮಲಗಿದ ಮೇಲೆ ಮನೆ ಸೇರುವುದು ಶುರುವಾಯಿತು. ಆ ಮನೆ ತೆಗೆದುಕೊಂಡದ್ದಕ್ಕೆ ಇವತ್ತಿಗೂ ನನಗೆ ಬೇಜಾರು ಉಂಟು.

ನಿಮ್ಮ ದಲಾಲ ಹೇಳುವ ಶಿಳ್‌ಫಾಟಾ ರಸ್ತೆ ಅದಕ್ಕಿಂತಲೂ ಆಚೆ. ಆ ಕಡೆ ದಿವಾ–ಪನ್ವೇಲ್ ಹಳಿ ಹೋಗುತ್ತದೆ, ಸ್ಟೇಷನ್ನೂ ಉಂಟು, ಆದರೆ ಅದರಲ್ಲಿ ನಮ್ಮ ಲೈನಿನ ಹಾಗೆ ನಿಮಿಷ ನಿಮಿಷಕ್ಕೆ ಲೋಕಲ್ ಇಲ್ಲ. ರಸ್ತೆಯಲ್ಲಿ ಬಂದು ಡೊಂಬಿವಲಿಯಲ್ಲೇ ಹತ್ತಬೇಕು. ಬೇಡ.

ಇನ್ನೊಂದು ಮಾತು, ನೋವಿನಿಂದಲೇ ಹೇಳುತ್ತೇನೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ತಿರುವಿನಲ್ಲಿ ಎದುರುಬದುರು ಹೋಗುವ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತರು. ನಾನು ಆಗ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಗಾಡಿ ತಡ ಎಂದು ಹೇಳುತ್ತಿದ್ದರು, ಯಾಕೆಂದು ಫೋನಿನಲ್ಲಿ ಗೊತ್ತಾಯಿತು. ಮುಂಬೈ ಲೋಕಲ್ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ, ಹಳಿ ದಾಟುವಾಗ, ಬಾಗಿಲಿಂದ ಬಿದ್ದು. ಬಾಡಿಗೆಯಲ್ಲಿ ಐದು ಸಾವಿರ ಉಳಿಯುತ್ತದೆ ಎಂದು ಬಾಗಿಲಲ್ಲಿ ನೇತಾಡುವ ಪ್ರಯಾಣ ಒಪ್ಪಿಕೊಳ್ಳಬೇಡಿ.

ಘೋಡ್‌ಬಂದರ್ ರೋಡಿನಿಂದ:

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಇಲ್ಲಿ ಆರು ವರ್ಷದಿಂದ ಇದ್ದೇವೆ. ಮನೆ ಒಳ್ಳೆಯದೇ, ಹಿಂದೆ ಯೇವೂರಿನ ಕಾಡು, ಗಾಳಿ ಚೆನ್ನಾಗಿದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಥಾಣೆ ಸ್ಟೇಷನ್ ಮುಟ್ಟಲು ಬೆಳಿಗ್ಗೆ ನನಗೆ ಐವತ್ತು ನಿಮಿಷ. ಅಲ್ಲಿಂದ ದಾದರ್‌ಗೆ ಫಾಸ್ಟ್ ಲೋಕಲ್ ಅದಕ್ಕಿಂತ ಕಡಿಮೆ ಹೊತ್ತು ತೆಗೆದುಕೊಳ್ಳುತ್ತದೆ! ವಡಾಲಾದಿಂದ ಕಾಸರವಡವಲಿಗೆ ಬರುವ ಮೆಟ್ರೋ 4ರ ಕೆಲಸ ವರ್ಷಗಟ್ಟಲೆಯಿಂದ ನಡೆಯುತ್ತಿದೆ. ಪೂರ್ತಿ ಓಡಲು ಶುರುವಾದ ದಿನ ಇದೇ ಜಾಗವನ್ನು ನಾನೇ ಶಿಫಾರಸು ಮಾಡುತ್ತೇನೆ. ಈ ಜೂನ್‌ಗೆ ಬರುವವರಿಗೆ ಅಲ್ಲ.

ಖಾರ್‌ಘರ್‌ನಿಂದ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಎಲ್ಲರೂ ಗಂಡನ ಆಫೀಸನ್ನೇ ನೋಡುತ್ತಿದ್ದೀರಿ. ಆ ತಂಗಿ ಐರೋಲಿಗೆ ಹೋಗಬೇಕಲ್ಲ? ಇಲ್ಲಿಂದ ಪನ್ವೇಲ್–ಥಾಣೆ ಟ್ರಾನ್ಸ್‌ಹಾರ್ಬರ್ ಲೋಕಲ್‌ನಲ್ಲಿ ಕೂತರೆ ಬದಲಾಯಿಸದೆ ಐರೋಲಿಯಲ್ಲಿ ಇಳಿಯಬಹುದು. ತಾಯಿಯವರಿಗೆ ಲಿಫ್ಟ್ ಇರುವ ಕಟ್ಟಡ, ಅಗಲವಾದ ಫುಟ್‌ಪಾತ್, ಸಂಜೆ ಕೂರಲು ಸೆಂಟ್ರಲ್ ಪಾರ್ಕ್. ಮುಂಬೈಯ ಗರ್ದಿ ಕಂಡವರಿಗೆ ಇದು ಬೇರೆ ಊರೇ ಅನಿಸುತ್ತದೆ. ನವಿ ಮುಂಬೈ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೋ 1970ರಲ್ಲಿ ಹುಟ್ಟಿದ್ದೇ ಅದಕ್ಕೆ, ದ್ವೀಪದ, ಅಂದರೆ ಹಳೇ ಮುಂಬೈಯ ಮೇಲಿನ ಭಾರ ಖಾಡಿಯ (ಸಮುದ್ರದ ಹಿನ್ನೀರಿನ) ಈಚೆ ಬರಲಿ ಎಂದು. ಆದರೆ ಈ ಕಡೆಯ ವಾಶಿಗೆ ಲೋಕಲ್ ಬಂದದ್ದು 1992ರಲ್ಲಿ.

ಪರೇಲ್‌ಗೆ ಮಾತ್ರ ನಿಜವಾಗಿಯೂ ಕಷ್ಟ. ಹಾರ್ಬರ್ ಲೈನಿನಲ್ಲಿ ಫಾಸ್ಟ್ ಇಲ್ಲ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಕುರ್ಲಾದಲ್ಲಿ ಇಳಿದು, ಬ್ರಿಡ್ಜ್ ಹತ್ತಿ, ಸೆಂಟ್ರಲ್ ಲೈನ್ ಹಿಡಿಯಬೇಕು. ಬೆಳಿಗ್ಗೆ ಒಂಬತ್ತಕ್ಕೆ ಕುರ್ಲಾದ ಆ ಬ್ರಿಡ್ಜ್ ನೋಡಿದವರಿಗೆ ಗೊತ್ತು. ಮಳೆಗಾಲದಲ್ಲಿ ಮೊದಲು ನೀರು ನಿಲ್ಲುವ ಕಡೆಗಳಲ್ಲೂ ಕುರ್ಲಾ, ಸಾಯನ್ ಉಂಟು. ದಲಾಲ ಅಟಲ್ ಸೇತು ಎಂದು ಹೇಳಿರಬಹುದು, ಅದು ಸಮುದ್ರದ ಮೇಲಿನ ರಸ್ತೆ ಸೇತುವೆ, ಕಾರು ಇದ್ದವರಿಗೆ.

ಮುಲುಂಡ್‌ನಿಂದ:

ನಗರ ಯೋಜನೆಯ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದವನು ನಾನು. ಮನೆ ಯಾವುದು ಎಂದು ಹೇಳುವ ಮೊದಲು ಈ ಊರು ಹೀಗೇಕೆ ಆಯಿತು ಎನ್ನುವುದನ್ನು ಹೇಳಬೇಕು ಅನಿಸುತ್ತಿದೆ. ಗೊತ್ತಿದ್ದರೆ ದಲಾಲನ ಮಾತು ತೂಗಿ ನೋಡಲು ಅನುಕೂಲ.

ನಿಮ್ಮ ಆಫೀಸು ಇರುವ ಪರೇಲ್ ಗಿರಣಿಗಳ ಊರಾಗಿತ್ತು. ಗಿರಣಿಯ ಭೋಂಗಾ, ಅಂದರೆ ಸೈರನ್, ಕೇಳಿಸುವಷ್ಟು ದೂರದಲ್ಲೇ ಕಾರ್ಮಿಕರ ಚಾಳ್, ಸಾಲು ಕೋಣೆಗಳ ವಠಾರ. ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಆ ಜಾಗದಲ್ಲಿ ಗಾಜಿನ ಕಟ್ಟಡಗಳು ಎದ್ದವು. ಈಗ ಅಲ್ಲಿ ಕೆಲಸ ಮಾಡುವವರಲ್ಲಿ ಬಹಳ ಮಂದಿ ಕಲ್ಯಾಣ್, ಬದಲಾಪುರ, ವಿರಾರ್‌ನಿಂದ ಬರುತ್ತಾರೆ. ಗಿರಣಿಗಳ ಕಾಲಕ್ಕೆ ಕಟ್ಟಿದ ಸ್ಟೇಷನ್ನು, ಬ್ರಿಡ್ಜುಗಳ ಮೇಲೆಯೇ ಈ ಎಲ್ಲ ಜನರೂ ಇಳಿದರು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಮತ್ತು ಪರೇಲ್ ನಡುವಿನ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನೇ ಈಗಿನ ಪ್ರಭಾದೇವಿ. ಹೊಸ ಸೇತುವೆ ಆಮೇಲೆ ಬಂತು.

ಇನ್ನೊಂದು ಕಡೆ ಎಫ್‌ಎಸ್‌ಐ, ಅಂದರೆ ಒಂದು ನಿವೇಶನದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಎನ್ನುವ ಲೆಕ್ಕ. 1991ರ ನಿಯಮದಲ್ಲಿ ದ್ವೀಪ ಭಾಗಕ್ಕೆ 1.33, ಉಪನಗರಕ್ಕೆ 1. ಪರೇಲ್, ದಾದರ್‌ನಂತಹ, ಎರಡೆರಡು ಲೈನು ಹಾದುಹೋಗುವ ಜಾಗದಲ್ಲಿ ಸಾಮಾನ್ಯರ ಕೈಗೆಟುಕುವ ಮನೆಗಳು ಸಾಕಷ್ಟು ಏಳಲೇ ಇಲ್ಲ. ಎದ್ದವು ದೂರದಲ್ಲಿ. ಜನಗಣತಿ ನೋಡಿ: ಮುಂಬೈ ನಗರ ಜಿಲ್ಲೆಯಲ್ಲಿ 2001ರಲ್ಲಿ 33 ಲಕ್ಷಕ್ಕೂ ಹೆಚ್ಚು ಜನರಿದ್ದರು, 2011ಕ್ಕೆ ಅದು 31 ಲಕ್ಷಕ್ಕಿಂತ ಕೆಳಗಿಳಿಯಿತು. ಅದೇ ಹತ್ತು ವರ್ಷದಲ್ಲಿ ಆಗಿನ ಥಾಣೆ ಜಿಲ್ಲೆ 81 ಲಕ್ಷದಿಂದ 1 ಕೋಟಿ 10 ಲಕ್ಷಕ್ಕೆ ಏರಿತು. ಮನೆ ಉತ್ತರಕ್ಕೆ ಹೋಯಿತು, ಕೆಲಸ ದಕ್ಷಿಣದಲ್ಲೇ ಉಳಿಯಿತು, ನಡುವೆ ಇದ್ದದ್ದು ಅವೇ ನಾಲ್ಕು ಹಳಿ. ಥಾಣೆ–ದಿವಾ ನಡುವಿನ ಐದನೇ ಆರನೇ ಹಳಿ, ಹತ್ತು ಕಿಲೋಮೀಟರೂ ಇಲ್ಲ, ಅದು ತೆರೆದದ್ದು 2022ರ ಫೆಬ್ರವರಿಯಲ್ಲಿ. ಅದಕ್ಕೆ ಕಾಯುವಷ್ಟರಲ್ಲಿ ದಿವಾದ ಗದ್ದೆಗಳೆಲ್ಲ ಕಟ್ಟಡಗಳಾಗಿದ್ದವು. ನಮ್ಮ ಟೇಬಲ್ಲಿಗೆ ಕಟ್ಟಡದ ನಕ್ಷೆ ಬರುತ್ತಿತ್ತು. ಇವರೆಲ್ಲ ಬೆಳಿಗ್ಗೆ ಯಾವ ಗಾಡಿ ಹತ್ತುತ್ತಾರೆ ಎಂದು ಕೇಳುವ ಕಾಲಂ ಅದರಲ್ಲಿ ಇರಲಿಲ್ಲ. ಇದು ನನ್ನನ್ನು ಇನ್ನೂ ಕಾಡುತ್ತದೆ.

ಗರ್ದಿ ಆಗಿದ್ದು ಜನ ಒತ್ತೊತ್ತಾಗಿ ಇರುವುದರಿಂದ ಎಂದು ಹಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಸ್ಟೇಷನ್ನಿನ ಸುತ್ತ ಒತ್ತಾಗಿ ಇದ್ದರೆ ನಡೆದು ಹೋಗಬಹುದು. ಹಳಿಯಿಂದ ದೂರ ಹೋಗಿ ಒತ್ತಾಗಿ ಇರುವುದೇ ತೊಂದರೆ. ಆದ್ದರಿಂದ ನಿಮಗೆ ನನ್ನ ಸಲಹೆ ಥಾಣೆ ಪೂರ್ವ, ಕೋಪ್ರಿ ಕಡೆ. ಹಳೇ ಕಟ್ಟಡ ಆಗಲಿ, ಮನೆ ಚಿಕ್ಕದಾಗಲಿ.

ಹುಬ್ಬಳ್ಳಿಯಿಂದ ಕೇಳಿದವರು:

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಕಲ್ವಾದಾಗ ಬಾಡಿಗಿ ಇನ್ನೂ ಕಡಿಮಿ ಅಂತ ಒಬ್ರು ಅಂದ್ರು. ಥಾಣೆಗೆ ಒಂದೇ ಸ್ಟೇಷನ್ ಅಲ್ರೀ? ಮತ್ತ ಅವ್ವಗ ಹಳೇ ಕಟ್ಟಡದಾಗ ಮೆಟ್ಟಲ?

ಕಲ್ವಾದಿಂದ:

ಅಣ್ಣ, ಒಂದೇ ಸ್ಟೇಷನ್ ಹೌದು, ಆದರೆ ಫಾಸ್ಟ್ ಇಲ್ಲಿ ನಿಲ್ಲುವುದಿಲ್ಲ. ಸ್ಲೋ ಬರುವಾಗ ತುಂಬಿರುತ್ತದೆ. ಇಲ್ಲಿ ಎಷ್ಟೋ ಜನ ಬೆಳಿಗ್ಗೆ ಹಳಿ ದಾಟಿ ಕಾರ್‌ಶೆಡ್‌ನಿಂದ ಹೊರಡುವ ಖಾಲಿ ಗಾಡಿಗೆ ಹತ್ತುತ್ತಾರೆ. ಅದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ನಾನೂ ಎರಡು ವರ್ಷ ಮಾಡಿದ್ದೆ, ಒಂದು ದಿನ ಕಣ್ಣೆದುರೇ ಒಬ್ಬರಿಗೆ ಪೆಟ್ಟಾದ ಮೇಲೆ ಬಿಟ್ಟೆ. ಅತ್ತಿಗೆಗೂ ಐರೋಲಿಗೆ ಹೋಗಲು ಥಾಣೆಗೆ ಬಂದೇ ಗಾಡಿ ಬದಲಾಯಿಸಬೇಕು. ಎರಡು ಸಾವಿರ ಹೆಚ್ಚು ಕೊಟ್ಟು ಥಾಣೆಯಲ್ಲೇ ಇರಿ.

ಥಾಣೆ ಪೂರ್ವ, ಕೋಪ್ರಿಯಿಂದ:

ನಮ್ಮದು ಇಲ್ಲೇ, ಸ್ಟೇಷನ್ನಿಗೆ ಹತ್ತು ನಿಮಿಷ. ಹಾಗಾಗಿ ಒಂದೊಂದೇ ಹೇಳುತ್ತೇನೆ. ಥಾಣೆಯಿಂದಲೇ ಹೊರಡುವ ಸ್ಲೋ ಲೋಕಲ್‌ಗಳಿವೆ. ನೀವು ಅದರಲ್ಲಿ ಕೂತು ನೇರ ಪರೇಲ್‌ನಲ್ಲಿ ಇಳಿಯಬಹುದು. ಫಾಸ್ಟ್ ಹಿಡಿದು ದಾದರ್‌ನಲ್ಲಿ ಬದಲಾಯಿಸಿದರೆ ಕೆಲವು ನಿಮಿಷ ಉಳಿಯಬಹುದು, ಆದರೆ ದಾದರ್ ಬ್ರಿಡ್ಜಿನಲ್ಲಿ ಅದು ಕಳೆದುಹೋಗುತ್ತದೆ. ಸ್ಲೋನಲ್ಲೇ ಬನ್ನಿ, ಕೂತು ಪೇಪರ್ ಓದಿ. ಸಂಜೆಗೂ ಪರೇಲ್‌ನಿಂದಲೇ ಹೊರಡುವ ಕೆಲವು ಲೋಕಲ್‌ಗಳು 2019ರಿಂದ ಇವೆ. ಅವುಗಳ ಹೊತ್ತು ಬಾಯಿಪಾಠ ಮಾಡಿಕೊಳ್ಳಿ. ಆಫೀಸಿನಲ್ಲಿ ಮೊದಲ ದಿನವೇ ಹೇಳಿಬಿಡಿ, ಇಷ್ಟು ಹೊತ್ತಿಗೆ ಏಳುತ್ತೇನೆ ಎಂದು.

ತಂಗಿಗೆ ಇನ್ನೂ ಸುಲಭ. ಟ್ರಾನ್ಸ್‌ಹಾರ್ಬರ್ ಪ್ಲಾಟ್‌ಫಾರ್ಮ್ ಪೂರ್ವದ ಕಡೆಗೇ ಇದೆ. ಗಾಡಿ ಇಲ್ಲಿಂದಲೇ ಹೊರಡುವುದು. ಮೊದಲು ದಿಘಾ ಗಾಂವ್, ಆಮೇಲೆ ಐರೋಲಿ, ಅಷ್ಟೇ. ಮಗಳನ್ನು ಶಾಲೆಗೆ ಬಿಟ್ಟು ಹೊರಟರೂ ಸಮಯಕ್ಕೆ ಮುಟ್ಟುತ್ತಾರೆ. ಸಂಜೆ ಮೊದಲು ಮನೆ ಸೇರುವವರು ಅವರೇ ಆಗಿರುತ್ತಾರೆ. ಅಜ್ಜಿಗೆ ಮಗುವನ್ನು ನೋಡಿಕೊಳ್ಳುವ ಹೊರೆ ಅಷ್ಟು ಕಡಿಮೆ.

ತಾಯಿಯವರ ವಿಷಯ ನಿಜವಾದ ತೊಡಕು. ಈ ಕಡೆಯ ಹಳೇ ಕಟ್ಟಡಗಳಲ್ಲಿ ಬಹಳಷ್ಟಕ್ಕೆ ಲಿಫ್ಟ್ ಇಲ್ಲ. ನೆಲಮಹಡಿ ಹುಡುಕಿ, ಆದರೆ ಮಳೆಗಾಲದಲ್ಲಿ ಆ ಗಲ್ಲಿಯಲ್ಲಿ ನೀರು ನುಗ್ಗುತ್ತದೆಯೇ ಎಂದು ಕೆಳಗಿನ ಅಂಗಡಿಯವರನ್ನು ಕೇಳಿ, ದಲಾಲನನ್ನಲ್ಲ. ಗೋಡೆಯ ಬುಡದಲ್ಲಿ ತೇವದ ಗೆರೆ ಇದೆಯೇ ನೋಡಿ. 25 ಸಾವಿರಕ್ಕೆ ಸಿಗುವುದು ಒಂದು ಕೋಣೆ, ಹಾಲ್, ಅಡುಗೆಮನೆ, ಅದೂ ಚಿಕ್ಕದು. ಹುಬ್ಬಳ್ಳಿಯ ಮನೆಯ ಸಾಮಾನು ಅರ್ಧ ಅಲ್ಲೇ ಬಿಟ್ಟು ಬನ್ನಿ.

ವಿರಾರ್‌ನಿಂದ:

ನೀವು ವೆಸ್ಟರ್ನ್ ಲೈನ್ ಕೇಳಿಲ್ಲ, ಮುಂದೆ ಯಾರಾದರೂ ಅಗ್ಗ ಎಂದು ತೋರಿಸಿದರೂ ಬರಬೇಡಿ. ಐರೋಲಿಗೆ ಇಲ್ಲಿಂದ ಹೋಗುವುದೆಂದರೆ ದಿನವೆಲ್ಲ ಪ್ರಯಾಣವೇ.

ಡೊಂಬಿವಲಿ ಪೂರ್ವದಿಂದ:

ಕೋಪ್ರಿಯವರ ಮಾತೇ ನನ್ನದೂ. ಶಾಲೆ ಬಗ್ಗೆ ಕೇಳುವುದಾದರೆ, ನಮ್ಮಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಉಂಟು ಎಂದು ನಿಮ್ಮನ್ನು ಇಲ್ಲಿಗೆ ಎಳೆಯಬೇಕೆಂದು ಆಸೆ ಇತ್ತು. ಆದರೆ ಅಷ್ಟಕ್ಕಾಗಿ ದಿನಾ ಎರಡು ಸಲ ಮುಂಬ್ರಾ ದಾಟುವುದು ಬೇಡ. ಭಾನುವಾರ ಮಗಳನ್ನು ಕರೆದುಕೊಂಡು ಬನ್ನಿ, ಕನ್ನಡ ಮಾತಾಡಲು ನಾವಿದ್ದೇವೆ.

ತಂಗಿಗೆ ಹೇಳಿ, ಮೊದಲ ವಾರ ಮಹಿಳಾ ಡಬ್ಬಿಯಲ್ಲಿ ಯಾರಾದರೂ ಗದರಿದರೆ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ಅವರ ಸೀಟು ತನಗೆ ಎಂದು ಹೇಳಿಟ್ಟುಕೊಳ್ಳಬೇಕು. ತಿಂಗಳು ಕಳೆದರೆ ಅದೇ ಹೆಂಗಸರು ಜಾಗ ಹಿಡಿದಿಡುತ್ತಾರೆ. ದಸರಾ ಹೊತ್ತಿಗೆ ಡಬ್ಬಿಗೆ ಹೂವಿನ ಮಾಲೆ ಕಟ್ಟಿ ಪೂಜೆ ಮಾಡುವಾಗ ಇವಳೂ ಪ್ರಸಾದ ಹಂಚುತ್ತಿರುತ್ತಾಳೆ.

ಹುಬ್ಬಳ್ಳಿಯಿಂದ ಕೇಳಿದವರು:

ಅಕ್ಕಾರ, ಎಲ್ಲಾರಿಗೂ ಶರಣು. ಟೌನ್‌ಶಿಪ್ಪಿಗೆ ಟೋಕನ್ ಕೊಡೋನಿದ್ದೆ, ನಿಲ್ಲಿಸೀನಿ. ನಾವಿಬ್ರೂ ಮುಂದಿನ ಶನಿವಾರ ರಾತ್ರಿ ಗಾಡಿ ಹತ್ತಿ, ಭಾನುವಾರ ಕೋಪ್ರಿ ನೋಡ್ಕೊಂಡು ಬರ್ತೀವಿ.

ಥಾಣೆ ಪೂರ್ವ, ಕೋಪ್ರಿಯಿಂದ:

ಭಾನುವಾರ ಬೇಡ. ಹಳಿ ದುರಸ್ತಿಗೆಂದು ಮೆಗಾ ಬ್ಲಾಕ್ ಇರುತ್ತದೆ, ಗಾಡಿ ಕಡಿಮೆ, ಜನವೂ ಬೇರೆ. ಏನೂ ಗೊತ್ತಾಗುವುದಿಲ್ಲ. ಸೋಮವಾರ ರಾತ್ರಿ ಹೊರಟು ಮಂಗಳವಾರ ಬನ್ನಿ. ದಾದರ್ ಗಾಡಿ ಥಾಣೆಯಲ್ಲಿ ನಿಲ್ಲುತ್ತದೆ, ಅಲ್ಲೇ ಇಳಿಯಿರಿ. ನಮ್ಮ ಮನೆಯಲ್ಲಿ ಸ್ನಾನ, ತಿಂಡಿ. ಎಂಟು ಗಂಟೆಗೆ ನೀವು ನನ್ನ ಜೊತೆ ಪರೇಲ್ ಲೋಕಲ್ ಹತ್ತಿ. ತಂಗಿಯನ್ನು ನನ್ನ ಹೆಂಡತಿ ಐರೋಲಿಗೆ ಕರೆದುಕೊಂಡು ಹೋಗುತ್ತಾಳೆ. ಮನೆ ನೋಡುವುದು ಮಧ್ಯಾಹ್ನದ ಮೇಲೆ.